ಮನೆಯಲ್ಲೇ ಮರದ ಒಡವೆ ಟ್ರೇ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಅಳತೆಗಳೆಲ್ಲ ಒಂದೇ ಟ್ರೇಗೆ ಸೇರಿದವು: ಹೊರಗಿನಿಂದ 320 ಮಿಮೀ ಉದ್ದ, 240 ಮಿಮೀ ಅಗಲ, ಹತ್ತಿರಹತ್ತಿರ 50 ಮಿಮೀ ಎತ್ತರ. ದಿನಬಳಕೆಯ ಬಳೆ, ಓಲೆ, ಉಂಗುರ, ಒಂದೆರಡು ಸರಕ್ಕೆ ಇಷ್ಟು ಸಾಕು. ನಿಮ್ಮ ಬೀರುವಿಗೆ ಹೊಂದದಿದ್ದರೆ ಅಳತೆ ಬದಲಿಸಿಕೊಳ್ಳಿ, ಕೆಲಸದ ಕ್ರಮ ಅದೇ.

ಮೊದಲು ಏನನ್ನು ಅಳೆಯಬೇಕು?

ಬೀರುವಿನ ಲಾಕರನ್ನು. ಒಳಗಿನ ಅಗಲಕ್ಕಿಂತ ಅದರ ಬಾಯಿ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಕೀಲು ಒಂದು ಕಡೆ, ಬೀಗದ ನಾಲಿಗೆ ಇನ್ನೊಂದು ಕಡೆ ಜಾಗ ತಿನ್ನುತ್ತವೆ. ಬಾಗಿಲು ಪೂರ್ತಿ ತೆರೆದು, ಬಾಯಿಯ ಅತಿ ಕಿರಿದಾದ ಕಡೆ ಅಳೆದು, ಅದರಲ್ಲಿ 10 ಮಿಮೀ ಕಳೆಯಿರಿ. ಅದೇ ನಿಮ್ಮ ಟ್ರೇಯ ಗರಿಷ್ಠ ಅಗಲ. ಲಾಕರ್ ಒಳಗೆ ಆರಾಮವಾಗಿ ಕೂರಬೇಕಾದ ಟ್ರೇ ಬಾಗಿಲಲ್ಲೇ ಸಿಕ್ಕಿಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು, ಆಮೇಲೆ ಅದಕ್ಕೆ ಪರಿಹಾರವಿಲ್ಲ.

ನಂತರ ಒಡವೆಗಳನ್ನು ಒಂದು ಬಟ್ಟೆಯ ಮೇಲೆ ಹರವಿ ಗುಂಪು ಮಾಡಿ. ಡಾಬು, ವಂಕಿ, ಕಾಸಿನ ಸರ, ಜಡೆಬಿಲ್ಲೆ ಈ ಟ್ರೇಗೆ ಬೇಡ. ಅವು ವರ್ಷಕ್ಕೆರಡು ಸಲ ಹೊರಬರುವ ಒಡವೆಗಳು, ಬೇರೆ ಬೇರೆ ಹತ್ತಿ ಚೀಲದಲ್ಲಿದ್ದರೆ ಸಾಕು. ಅವುಗಳಿಗೂ ಸೇರಿಸಿ ಖಾನೆ ಮಾಡಹೊರಟರೆ ಟ್ರೇ ದೊಡ್ಡದಾಗುತ್ತದೆ, ದಿನಾ ತೆಗೆಯುವ ಓಲೆ ಮೂಲೆ ಸೇರುತ್ತದೆ.

320 ಮತ್ತು 240 ಎಂಬ ಅಳತೆಯೇ ಏಕೆ?

ಈ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಸರಿಯಾಗಿ 400 ಮಿಮೀ ಬರುತ್ತದೆ. ಕಟ್ಟಡದವರು ಪಾಯ ಗುರುತು ಹಾಕುವಾಗ ಹಿಡಿಯುವ 3-4-5ರ ಲೆಕ್ಕವೇ ಇದು, 80ರಿಂದ ಗುಣಿಸಿದ್ದು. ಅಂಟು ಹಸಿಯಿರುವಾಗ ಎರಡೂ ಕರ್ಣ 400 ಇದೆಯೇ ಎಂದು ಟೇಪು ಹಿಡಿದು ನೋಡಿದರೆ ಚೌಕಟ್ಟು ಮೂಲೆಮಟ್ಟದಲ್ಲಿದೆಯೋ ಇಲ್ಲವೋ ತಿಳಿಯುತ್ತದೆ.

ಬಳೆಯ ಖಾನೆ ಎಷ್ಟು ದೊಡ್ಡದಿರಬೇಕು?

ಅಂಗಡಿಯಲ್ಲಿ ಹೇಳುವ 2-4, 2-6, 2-8 ಎಂಬುದು ಬಳೆಯ ಒಳ ವ್ಯಾಸ. ಮೊದಲ ಅಂಕಿ ಇಂಚು, ಎರಡನೆಯದು ಇಂಚಿನ ಹದಿನಾರನೇ ಭಾಗ. ಹಾಗಾಗಿ 2-4 ಅಂದರೆ 57 ಮಿಮೀ, 2-6 ಅಂದರೆ 60 ಮಿಮೀ ಚಿಲ್ಲರೆ, 2-8 ಅಂದರೆ 63.5 ಮಿಮೀ. ಇದಕ್ಕೆ ಬಳೆಯ ದಪ್ಪವನ್ನು ಎರಡು ಸಲ ಕೂಡಿಸಿ. 2-6ರ ಕಡಗ 10 ಮಿಮೀ ದಪ್ಪವಿದ್ದರೆ ಹೊರ ವ್ಯಾಸ 80 ಮಿಮೀ. ಅದರಿಂದಲೇ ಇಲ್ಲಿ ಬಳೆಯ ಖಾನೆಗೆ 85 ಮಿಮೀ ಅಗಲ ಇಟ್ಟಿದೆ. ಬಳೆಗಳು ಮಲಗಿ ಒಂದರ ಮೇಲೊಂದು ಕೂರುತ್ತವೆ. ಉದ್ದ 107 ಮಿಮೀ ಇರುವುದರಿಂದ ಬೆರಳು ಹಾಕಿ ಎತ್ತಲು ಜಾಗ ಉಳಿಯುತ್ತದೆ. ದಿನಬಳಕೆಯ ಟ್ರೇಯಲ್ಲಿ ಜನ ಬೈಯುವುದು ಬೆರಳು ಹಿಡಿಸದ ಖಾನೆಯನ್ನೇ.

ಉಳಿದ ಖಾನೆಗಳ ಹಂಚಿಕೆ ಹೇಗೆ?

ಒಳಗೆ ಸಿಗುವ ಜಾಗ 300 × 220 ಮಿಮೀ. ಅಡ್ಡಪಟ್ಟಿಗಳು 6 ಮಿಮೀ ದಪ್ಪ.

ಎಡಗಡೆ 85 ಮಿಮೀ ಬಿಟ್ಟು 220 ಮಿಮೀ ಉದ್ದದ ಪಟ್ಟಿ ನಿಲ್ಲಿಸಿ. ಆ ಎಡಭಾಗವನ್ನು 85 ಮಿಮೀ ಪಟ್ಟಿಯೊಂದರಿಂದ ಎರಡು ಮಾಡಿದರೆ ಬಳೆಯ ಎರಡು ಖಾನೆ. ಬಲಗಡೆ 209 × 220 ಉಳಿಯುತ್ತದೆ. ಅಲ್ಲಿ 209 ಮಿಮೀ ಉದ್ದದ ಎರಡು ಪಟ್ಟಿ ಅಡ್ಡ ಹಾಕಿ, ಮುಂದಿನ ಸಾಲು 60 ಮಿಮೀ, ಹಿಂದಿನ ಎರಡು ಸಾಲು 74 ಮಿಮೀ ಇರಲಿ. ಮುಂದಿನದು ಉಂಗುರಕ್ಕೆ, ನಡುವಿನದು ಸರಕ್ಕೆ. ಹಿಂದಿನ ಸಾಲನ್ನು 74 ಮಿಮೀಯ ಎರಡು ತುಂಡಿನಿಂದ ಮೂರು ಮಾಡಿದರೆ ಓಲೆ, ಜುಮುಕಿ, ಮೂಗುಬೊಟ್ಟಿಗೆ 65 ಮಿಮೀ ಅಗಲದ ಖಾನೆಗಳಾಗುತ್ತವೆ. ಮೂಗುಬೊಟ್ಟಿಗೆ ಅಷ್ಟು ಜಾಗ ಬೇಡವೆನಿಸಿದರೂ ಇನ್ನೂ ಚಿಕ್ಕದು ಮಾಡಬೇಡಿ. ಒಳಕ್ಕೆ ಬಟ್ಟೆ ಕೂರಿಸುವಾಗ ಕೈ ಹೋಗುವುದಿಲ್ಲ.

ಸರದ ಖಾನೆ 209 ಮಿಮೀ ಉದ್ದವಿದೆ, ಆದರೂ ಎರಡು ಸರ ಒಟ್ಟಿಗೆ ಹಾಕಿದರೆ ಸಿಕ್ಕಾಗುವುದು ಖಂಡಿತ. ಪ್ರತಿ ಸರದ ಕೊಂಡಿ ಹಾಕಿಯೇ ಇಡಿ.

ಯಾವ ಮರ ತೆಗೆದುಕೊಳ್ಳುವುದು?

ತೇಗ ಸಿಕ್ಕರೆ ತೇಗ. ಹವೆ ಬದಲಾದಾಗ ಕಡಿಮೆ ಹಿಗ್ಗಿ ಕುಗ್ಗುತ್ತದೆ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಹಲಸು ಎರಡನೆಯ ಆಯ್ಕೆ. ಹಳದಿ ಬಣ್ಣ ಬರಬರುತ್ತಾ ಕಂದಾಗುತ್ತದೆ, ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ. ಶಿವನೆ ಹಗುರ, ಬಾಗುವುದು ಕಡಿಮೆ, ಹೊಸಬರಿಗೆ ಒಳ್ಳೆಯ ಮರ. ಕೊಡಗಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಮೈಸೂರಿನ ಸಾ ಮಿಲ್‌ಗಳಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಸರಿಯಾಗಿ ಒಣಗದ ಸಿಲ್ವರ್ ಓಕ್ ತಿರುಚಿಕೊಳ್ಳುತ್ತದೆ, ಹುಳವೂ ಬೇಗ ಬೀಳುತ್ತದೆ.

ಯಾವ ಮರವಾದರೂ ಕೆಚ್ಚಿನ ಭಾಗ ಕೇಳಿ. ತೊಗಟೆಯ ಕಡೆಯ ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಕೊರೆಯುವ ಹುಳ ಅದನ್ನೇ ಹುಡುಕಿ ಬರುತ್ತದೆ. ಮರದ ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡುವ ಎಂಡಿಎಫ್ ಹಲಗೆ ಬೇಡವೇ ಬೇಡ. ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ, ಮುಚ್ಚಿದ ಬೀರುವಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಬೀಟೆ ಮರದಲ್ಲಿ ಮಾಡಬಹುದೇ?

ಮಾಡಬಹುದು, ಆದರೆ ಮೊದಲ ಟ್ರೇಗೆ ಬೇಡ. ಬೀಟೆ ಗಟ್ಟಿ, ದುಬಾರಿ, ಮನೆಯ ಗರಗಸಕ್ಕೆ ಬೇಗ ಬಗ್ಗುವುದಿಲ್ಲ. ಅದರ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ, ಉಸಿರಿನ ತೊಂದರೆ ತರುತ್ತದೆ, ಉಜ್ಜುವಾಗ ಮಾಸ್ಕ್ ಇರಲೇಬೇಕು. ಪರವಾನಗಿ ಇರುವ ಡಿಪೋದಿಂದ ಬಿಲ್ ಸಮೇತ ಕೊಳ್ಳಿ. ತೋಟದಲ್ಲಿ ಬಿದ್ದ ಬೀಟೆ ಮರವೆಂದು ಯಾರೋ ತಂದುಕೊಟ್ಟ ಹಲಗೆಯನ್ನು ಮುಟ್ಟಬೇಡಿ. ಗಂಧದ ಮಾತಂತೂ ಬೇಡ.

ಹಳೇ ಮನೆಯ ಬಾಗಿಲು, ಕಿಟಕಿಯ ಮರ ಬಳಸಬಹುದೇ?

ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮಂಡ್ಯ, ಶ್ರೀರಂಗಪಟ್ಟಣದ ಕಡೆ ತೊಟ್ಟಿ ಮನೆ ಕೆಡವಿದಾಗ ಬರುವ ತೇಗ, ಹಲಸಿನ ತುಂಡುಗಳು ದಶಕಗಟ್ಟಲೆ ಒಣಗಿರುತ್ತವೆ. ಎರಡು ಎಚ್ಚರಿಕೆ. ಮುರಿದ ಮೊಳೆ ಒಳಗೆ ಉಳಿದಿರುತ್ತದೆ, ಮಿಲ್‌ಗೆ ಕೊಡುವ ಮುಂಚೆ ಅಯಸ್ಕಾಂತ ಆಡಿಸಿ ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಬ್ಲೇಡಿನ ಹಲ್ಲು ಹೋಗುತ್ತದೆ, ಮಿಲ್‌ನವರು ಮತ್ತೊಮ್ಮೆ ನಿಮ್ಮ ಮರ ಮುಟ್ಟುವುದಿಲ್ಲ. ಎರಡನೆಯದು ಹಳೇ ಬಣ್ಣ. ಅದರಲ್ಲಿ ಸೀಸ ಇರುವ ಸಾಧ್ಯತೆಯಿದೆ, ಒಣ ಉಪ್ಪುಕಾಗದದಲ್ಲಿ ಉಜ್ಜಿ ಪುಡಿ ಎಬ್ಬಿಸಬೇಡಿ. ಬಣ್ಣ ಕರಗಿಸುವ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ, ಮಕ್ಕಳನ್ನು ದೂರವಿಡಿ.

ಮರ ಒಣಗಿದೆ ಎಂದು ತಿಳಿಯುವುದು ಹೇಗೆ?

ಅಡುಗೆಮನೆಯ ತಕ್ಕಡಿ ಸಾಕು. ಪಟ್ಟಿಗಳನ್ನು ಮನೆಯೊಳಗೆ, ಗಾಳಿಯಾಡುವ ಕಡೆ, ಕೆಳಗೆ ಕಡ್ಡಿಗಳನ್ನಿಟ್ಟು ಜೋಡಿಸಿ. ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ಸತತ ಮೂರು ಸಲ ಒಂದೇ ತೂಕ ಬಂದರೆ ಆ ಮರ ನಿಮ್ಮ ಮನೆಯ ಹವೆಗೆ ಹೊಂದಿಕೊಂಡಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಬಿಸಿಲಿಗಿಟ್ಟು ಆತುರ ಮಾಡಿದರೆ ತುದಿಗಳು ಸೀಳುತ್ತವೆ.

ಏನೇನು ಎಷ್ಟೆಷ್ಟು ಬೇಕು?

- ಪಕ್ಕದ ಪಟ್ಟಿ: 45 ಮಿಮೀ ಎತ್ತರ, ಪ್ಲೇನಿಂಗ್ ಆದ ಮೇಲೆ 10 ಮಿಮೀ ದಪ್ಪ, 5 ಅಡಿ. ಇದರಲ್ಲಿ 320ರ ಎರಡು, 220ರ ಎರಡು ತುಂಡು.
- ಅಡ್ಡಪಟ್ಟಿ: 30 ಮಿಮೀ ಎತ್ತರ, 6 ಮಿಮೀ ದಪ್ಪ, ಮೂರೂವರೆ ಅಡಿ.
- ತಳ: 4 ಮಿಮೀ ಪ್ಲೈವುಡ್, 318 × 238 ಮಿಮೀ.
- ಬಿಳಿ ಫೆವಿಕಾಲ್ 125 ಗ್ರಾಂ, ಬಿದಿರಿನ ಕಬಾಬ್ ಕಡ್ಡಿ ಏಳೆಂಟು.
- ಉಪ್ಪುಕಾಗದ 120, 220, 320 ನಂಬರ್, ಒಂದೊಂದು ಹಾಳೆ.
- ಅರಗಿನ ಚಕ್ಕೆ 50 ಗ್ರಾಂ, ಪಾಲಿಶ್ ಸ್ಪಿರಿಟ್ 300 ಮಿಲೀ.
- ಒಳಬಟ್ಟೆ ಅರ್ಧ ಮೀಟರ್, 1.5 ಮಿಮೀ ರಟ್ಟು ಒಂದು ಹಾಳೆ, ಸ್ವಲ್ಪ ಹತ್ತಿ.

ಪಟ್ಟಿಗಳನ್ನು ಮಿಲ್‌ನಲ್ಲೇ ದಪ್ಪಕ್ಕೆ ಪ್ಲೇನಿಂಗ್ ಮಾಡಿಸಿಕೊಳ್ಳಿ. ಇಷ್ಟು ಚಿಕ್ಕ ಕೆಲಸಕ್ಕೆ ಕೆಲವು ಮಿಲ್‌ನವರು ಒಪ್ಪುವುದಿಲ್ಲ. ಆಗ ಬಾಗಿಲು ಕಿಟಕಿ ಮಾಡುವ ಆಚಾರರ ಬಳಿ ಹೋದರೆ ಅಲ್ಲೇ ಬಿದ್ದಿರುವ ತುಂಡುಗಳಲ್ಲಿ ಮಾಡಿಕೊಡುತ್ತಾರೆ. ಮನೆಯಲ್ಲಿ ಇರಬೇಕಾದದ್ದು ಸಣ್ಣ ಹಲ್ಲಿನ ಗರಗಸ, ಮೂಲೆಮಟ್ಟ, 3 ಮಿಮೀ ಬಿಟ್ ಇರುವ ಡ್ರಿಲ್, ಎರಡು ಕ್ಲ್ಯಾಂಪ್. ಕ್ಲ್ಯಾಂಪ್ ಇಲ್ಲದಿದ್ದರೆ ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಚೌಕಟ್ಟಿಗೆ ಬಿಗಿಯಾಗಿ ಸುತ್ತಬಹುದು.

ತಳಕ್ಕೂ ಗಟ್ಟಿ ಮರವನ್ನೇ ಹಾಕಬಾರದೇ?

ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. 240 ಮಿಮೀ ಅಗಲದ ತೇಗದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ಒಂದೂವರೆ ಎರಡು ಮಿಮೀ ವ್ಯತ್ಯಾಸ ತೋರಿಸಬಹುದು. ಸುತ್ತ ಅಂಟಿಸಿಬಿಟ್ಟರೆ ಮಳೆಗಾಲದಲ್ಲಿ ಮೂಲೆ ಬಿಡುತ್ತದೆ, ಇಲ್ಲವೇ ಬೇಸಿಗೆಯಲ್ಲಿ ತಳ ಸೀಳುತ್ತದೆ. ಪ್ಲೈವುಡ್‌ನ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಆ ತಾಪತ್ರಯವಿಲ್ಲ. ತಳವನ್ನು ಸುತ್ತ 1 ಮಿಮೀ ಚಿಕ್ಕದಾಗಿ ಕತ್ತರಿಸಿರುವುದು ಅದರ ಅಂಚು ನೆರಳಿನಲ್ಲಿ ಮರೆಯಾಗಲಿ ಎಂದು.

ಮೂಲೆಯನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸಿದರೆ ಚೆಂದವಲ್ಲವೇ?

ಚೆಂದವೇ. ಆದರೆ ನಾಲ್ಕು ಮೂಲೆಗೆ ಎಂಟು ಕಡಿತ. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿ ಬಿಟ್ಟುಕೊಂಡಿರುತ್ತದೆ. ಕೈಗರಗಸದಲ್ಲಿ ಅರ್ಧ ಡಿಗ್ರಿ ತಪ್ಪುವುದು ಏನೇನೂ ದೊಡ್ಡದಲ್ಲ. ಅದರ ಬದಲು ನೇರ ಕತ್ತರಿಸಿ, ಉದ್ದದ ಎರಡು ಪಟ್ಟಿಗಳ ನಡುವೆ ಚಿಕ್ಕ ಪಟ್ಟಿಗಳನ್ನು ಕೂರಿಸಿ, ಬಿದಿರು ಮೊಳೆ ಹೊಡೆಯಿರಿ. ಗಟ್ಟಿಯೂ ಹೌದು, ಹೊರಗೆ ಕಾಣುವ ಬಿದಿರಿನ ಚುಕ್ಕೆಗಳು ನೋಡಲೂ ಚೆನ್ನ.

ಜೋಡಿಸುವ ಕ್ರಮ ಹೇಳಿ.

ಒಂದೇ ಉದ್ದ ಬರಬೇಕಾದ ಎರಡು ತುಂಡನ್ನು ಒಟ್ಟಿಗೆ ಟೇಪು ಸುತ್ತಿ ಒಂದೇ ಸಲ ಕತ್ತರಿಸಿ. ಬೇರೆಬೇರೆ ಅಳೆದು ಕತ್ತರಿಸಿದರೆ ಎರಡೂ ಸರಿಯಾಗಿ ಒಂದೇ ಅಳತೆಗೆ ಬರುವುದು ಅಪರೂಪ. ಒಳಮೈಯನ್ನು 220 ನಂಬರ್ ಉಪ್ಪುಕಾಗದದವರೆಗೆ ಈಗಲೇ ಉಜ್ಜಿಬಿಡಿ, ಜೋಡಿಸಿದ ಮೇಲೆ ಮೂಲೆಗೆ ಕೈ ಹೋಗದು.

ಚಿಕ್ಕ ಪಟ್ಟಿಗಳ ತುದಿಗೆ ತೆಳ್ಳಗೆ ಫೆವಿಕಾಲ್ ಹಚ್ಚಿ ಐದು ನಿಮಿಷ ಬಿಡಿ. ಅಲ್ಲಿ ಮರದ ಎಳೆಗಳು ಬಾಯಿ ತೆರೆದಿರುತ್ತವೆ, ಅಂಟನ್ನು ಕುಡಿದುಬಿಡುತ್ತವೆ. ಮೂಲೆ ಬಿಟ್ಟುಕೊಳ್ಳಲು ಅರ್ಧ ಕಾರಣ ಈ ಮೊದಲ ಲೇಪ ಇಲ್ಲದಿರುವುದೇ. ಎರಡನೇ ಸಲ ಹಚ್ಚಿ ಜೋಡಿಸಿ, ಕರ್ಣ ನೋಡಿ. ಒಂದು ಕರ್ಣ 402, ಇನ್ನೊಂದು 398 ಬಂದರೆ ಉದ್ದದ ಕರ್ಣದ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ. ಹಿಸುಕಿ ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ, ಉಳಿದರೆ ಆ ಜಾಗ ಪಾಲಿಶ್ ಹಿಡಿಯದೆ ಬಿಳಿಚಿಕೊಳ್ಳುತ್ತದೆ. ನಾಲ್ಕು ಗಂಟೆ ಬಿಗಿದಿಡಿ.

ಬಳಿಕ ಪ್ರತಿ ಮೂಲೆಯಲ್ಲಿ ಮೇಲಿನಿಂದ, ಕೆಳಗಿನಿಂದ 12 ಮಿಮೀ ಒಳಗೆ ಒಂದೊಂದು ತೂತು, 25 ಮಿಮೀ ಆಳ. ಕಬಾಬ್ ಕಡ್ಡಿಗೆ ಅಂಟು ಸವರಿ ಮೆಲ್ಲಗೆ ಹೊಡೆದು, ಒಣಗಿದ ಮೇಲೆ ತಲೆ ಕತ್ತರಿಸಿ ಉಜ್ಜಿ. ಕಡ್ಡಿ ಬಿಗಿಯಾದರೆ ಬಲವಂತ ಬೇಡ, ಉಪ್ಪುಕಾಗದದಲ್ಲಿ ತಿರುಗಿಸಿ ಸ್ವಲ್ಪ ತೆಳುಮಾಡಿ. ಇಲ್ಲದಿದ್ದರೆ 10 ಮಿಮೀ ಪಟ್ಟಿ ಸೀಳುತ್ತದೆ. ತಳವನ್ನು ಅಂಟಿಸಿ ಮೇಲೆ ನೀರು ತುಂಬಿದ ಬಿಂದಿಗೆ ಇಟ್ಟು ರಾತ್ರಿ ಬಿಡಿ, ಬಿಂದಿಗೆಯ ಕೆಳಗೆ ಒಂದು ಹಲಗೆ ಇರಲಿ.

ಅಡ್ಡಪಟ್ಟಿ ಹಾಕಿದ ಮೇಲೆ ಪಕ್ಕಗಳು ಉಬ್ಬಿಕೊಂಡವು. ಏಕೆ?

ಪಟ್ಟಿ ಅರ್ಧ ಮಿಮೀ ಉದ್ದವಿತ್ತು. ಚೌಕಟ್ಟು ಸಿದ್ಧವಾದ ಮೇಲೆ, ಇಲ್ಲಿ ಕೊಟ್ಟ ಅಳತೆ ಬಿಟ್ಟು, ನಿಜವಾದ ಒಳ ಅಳತೆ ತೆಗೆದುಕೊಂಡು ಕತ್ತರಿಸಬೇಕು. ಬೆರಳಿನಿಂದ ಒತ್ತಿದರೆ ಇಳಿಯಬೇಕು, ತಲೆಕೆಳಗು ಮಾಡಿದರೆ ಬೀಳಬಾರದು. ಅಂಟು ಮುಖ್ಯವಾಗಿ ತಳಕ್ಕೆ ಹಚ್ಚಿ, ತುದಿಗಳಿಗೆ ಒಂದು ಹನಿ ಸಾಕು.

ಪಾಲಿಶ್ ಯಾವುದು?

ಅರಗು. 300 ಮಿಲೀ ಸ್ಪಿರಿಟ್‌ಗೆ 50 ಗ್ರಾಂ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ಒಂದು ದಿನ ಬಿಡಿ, ಆಗಾಗ ಅಲುಗಿಸಿ, ಬಟ್ಟೆಯಲ್ಲಿ ಸೋಸಿ. ಹಳೇ ಹತ್ತಿ ಬಟ್ಟೆಯೊಳಗೆ ಹತ್ತಿ ಕಟ್ಟಿ ಉಂಡೆ ಮಾಡಿ, ಎಳೆಯ ಉದ್ದಕ್ಕೆ ತೆಳ್ಳಗೆ ಎಳೆಯಿರಿ. ಎರಡು ಕೈ ಆದ ಮೇಲೆ 320 ನಂಬರ್ ಉಪ್ಪುಕಾಗದದಲ್ಲಿ ಹಗುರಾಗಿ ಉಜ್ಜಿ, ಮತ್ತೆ ಮೂರು ನಾಲ್ಕು ಕೈ. ಕೈ ಕೈ ನಡುವೆ ಅರ್ಧ ಗಂಟೆಯಾದರೂ ಬಿಡಿ. ಮಳೆ ಸುರಿಯುವ ದಿನ ಹಚ್ಚಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಆರುವಾಗ ತಣ್ಣಗಾದ ಮೈ ಮೇಲೆ ಗಾಳಿಯ ತೇವ ಕೂರುವುದೇ ಇದಕ್ಕೆ ಕಾರಣ. ಒಣ ದಿನದಲ್ಲಿ ಬರೀ ಸ್ಪಿರಿಟ್ ತಗುಲಿಸಿದ ಉಂಡೆಯನ್ನು ಒಮ್ಮೆ ಸವರಿದರೆ ಸಾಮಾನ್ಯವಾಗಿ ಹೋಗುತ್ತದೆ. ಒಲೆ, ದೇವರ ದೀಪ ಹತ್ತಿರವಿರುವ ಕಡೆ ಈ ಕೆಲಸ ಬೇಡ.

ಅಗಸೆ ಎಣ್ಣೆ ಹೊರಮೈಗೆ ಚೆಂದ ಕಂಡರೂ ಒಡವೆ ಇಡುವ ವಸ್ತುವಿಗೆ ನಮ್ಮ ಮತವಿಲ್ಲ. ಆರುತ್ತಾ ಆರುತ್ತಾ ಆಮ್ಲದ ಆವಿ ಬಿಡುತ್ತದೆ, ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನೇ ಹೊತ್ತಿಕೊಳ್ಳಲೂಬಹುದು. ಮೆಲಮೈನ್ ಪಾಲಿಶ್‌ನಲ್ಲಿ ಮತ್ತೆ ಫಾರ್ಮಾಲ್ಡಿಹೈಡ್. ಅರಗಾದರೂ ಸರಿ, ಪಾಲಿಶ್ ಮುಗಿದ ಮೇಲೆ ವಾರ ಬಿಟ್ಟು ಬಟ್ಟೆ ಕೂರಿಸಿ. ಮುಚ್ಚಿ ಮೂಸಿ ನೋಡಿದಾಗ ವಾಸನೆ ಬಂದರೆ ಇನ್ನೂ ಕಾಯಿರಿ.

ಹೊಸ ಟ್ರೇಯಲ್ಲಿಟ್ಟ ಬೆಳ್ಳಿ ಬೇಗ ಕಪ್ಪಾಯಿತು. ಮರದ ದೋಷವೇ?

ಹೆಚ್ಚಿನ ಸಲ ಅಲ್ಲ, ಒಳಗೆ ಹಾಕಿದ ಸಾಮಾನಿನ ದೋಷ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಉಣ್ಣೆಯ ಫೆಲ್ಟ್‌ನಲ್ಲಿ ಗಂಧಕವಿದೆ, ರಬ್ಬರ್ ಹಾಳೆಯಲ್ಲಿದೆ, ರಬ್ಬರ್ ಬ್ಯಾಂಡಿನಲ್ಲಿದೆ. ಕೆಲವು ಬಟ್ಟೆಗಳ ಗಾಢ ಬಣ್ಣದಲ್ಲೂ ಇರುತ್ತದೆ. ಮರಗೆಲಸಕ್ಕೆ ವಾರ ಸುರಿದವರು ಒಳಬಟ್ಟೆಯನ್ನು ಅಂಗಡಿಯ ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ಆರಿಸುತ್ತಾರೆ, ಕೆಡುವುದು ಅಲ್ಲಿಯೇ.

ಬಣ್ಣ ಹಾಕದ ಹತ್ತಿ ಬಟ್ಟೆ ಎಲ್ಲಕ್ಕಿಂತ ಸುರಕ್ಷಿತ. ವೆಲ್ವೆಟ್ಟೇ ಬೇಕೆಂದರೆ ಹತ್ತಿ ಅಥವಾ ಪಾಲಿಯೆಸ್ಟರ್‌ನದು ಇರಲಿ, ಒಮ್ಮೆ ಒಗೆದು ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಳೇ ಜರಿ ಸೀರೆಯ ರೇಷ್ಮೆ ನೋಡಲು ಸೊಗಸು, ಆದರೆ ಜರಿಯ ಅಂಚು ಸರಕ್ಕೆ, ಓಲೆಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಜರಿಯಿಲ್ಲದ ಒಡಲನ್ನು ಬಳಸಿ.

ಬಟ್ಟೆಯನ್ನು ಮೊದಲೇ ಪರೀಕ್ಷಿಸಲು ಆಗುತ್ತದೆಯೇ?

ಆಗುತ್ತದೆ. ಎರಡು ಗಾಜಿನ ಜಾಡಿ ತೆಗೆದುಕೊಳ್ಳಿ. ಎರಡರಲ್ಲೂ ಚೆನ್ನಾಗಿ ಉಜ್ಜಿದ ಬೆಳ್ಳಿಯ ಚೂರು, ಹಳೇ ಕಾಲುಂಗುರವಾದರೂ ಸರಿ, ಜೊತೆಗೆ ಚಿಕ್ಕ ಮುಚ್ಚಳದಲ್ಲಿ ಒದ್ದೆ ಹತ್ತಿ. ಒಂದರಲ್ಲಿ ಮಾತ್ರ ಬಟ್ಟೆಯ ತುಂಡು ಹಾಕಿ, ಬೆಳ್ಳಿಗೆ ತಾಗದಂತೆ. ಮುಚ್ಚಿ ಬೆಚ್ಚಗಿನ ಕಡೆ ನಾಲ್ಕು ವಾರ ಇಡಿ. ಬಟ್ಟೆಯಿರುವ ಜಾಡಿಯ ಬೆಳ್ಳಿ ಇನ್ನೊಂದಕ್ಕಿಂತ ಕಪ್ಪಾದರೆ ಆ ಬಟ್ಟೆ ಬೇಡ. ವಸ್ತುಸಂಗ್ರಹಾಲಯಗಳು ಪ್ರದರ್ಶನ ಪೆಟ್ಟಿಗೆಯ ಸಾಮಾನನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಟ್ಟು ನೋಡುವ ಪರೀಕ್ಷೆಯ ಮನೆಮಟ್ಟದ ರೂಪವಿದು. ಅಂಟು, ರಟ್ಟನ್ನೂ ಹೀಗೇ ನೋಡಬಹುದು.

ಬಟ್ಟೆಯನ್ನು ಸುಕ್ಕಿಲ್ಲದೆ ಕೂರಿಸುವುದು ಹೇಗೆ?

ಮರಕ್ಕೆ ನೇರ ಅಂಟಿಸಬೇಡಿ. ಖಾನೆಗಿಂತ ಎರಡೂ ದಿಕ್ಕಿಗೆ 2 ಮಿಮೀ ಕಡಿಮೆ, ವೆಲ್ವೆಟ್ ಆದರೆ 3 ಮಿಮೀ ಕಡಿಮೆ ಅಳತೆಗೆ ರಟ್ಟು ಕತ್ತರಿಸಿ. ಬಟ್ಟೆ ಸುತ್ತ 15 ಮಿಮೀ ಹೆಚ್ಚಿರಲಿ. ಮೂಲೆ ಓರೆಯಾಗಿ ಕತ್ತರಿಸಿ, ಅಂಚುಗಳನ್ನು ಹಿಂದಕ್ಕೆ ಮಡಚಿ, ಹಿಂಬದಿಯಲ್ಲಿ ಮಾತ್ರ ಫೆವಿಕಾಲ್ ಹಚ್ಚಿ. ಮುಂಬದಿಗೆ ಹಚ್ಚಿದರೆ ಅಂಟು ಬಟ್ಟೆಯಿಂದ ಒಸರಿ ಗಟ್ಟಿ ಕಲೆಯಾಗುತ್ತದೆ. ಸಿದ್ಧವಾದ ರಟ್ಟನ್ನು ಖಾನೆಗೆ ಒತ್ತಿ ಕೂರಿಸಿದರೆ ಸಾಕು. ಬಟ್ಟೆ ಮಾಸಿದಾಗ ಚಾಕುವಿನ ತುದಿಯಿಂದ ಎಬ್ಬಿಸಿ ಬೇರೆ ಹಾಕಬಹುದು. ರಬ್ಬರ್ ಅಂಟು ಮಾತ್ರ ಬಳಸಬೇಡಿ.

ಉಂಗುರ ನಿಲ್ಲುವ ಸುರುಳಿಗಳು?

209 ಮಿಮೀ ಉದ್ದ, 16 ಮಿಮೀ ದಪ್ಪದ ನಾಲ್ಕು ಸುರುಳಿ ಮಾಡಿ 60 ಮಿಮೀ ಸಾಲಿಗೆ ಒತ್ತಿ. ನಾಲ್ಕು ಮಿಮೀ ಹೆಚ್ಚಿರುವುದೇ ಉಂಗುರವನ್ನು ಹಿಡಿದು ನಿಲ್ಲಿಸುತ್ತದೆ. ಮೂರು ಸಂದಿಯಲ್ಲಿ ಸುಮಾರು 24 ಉಂಗುರ. ಒಳಗೆ ಬಿಗಿಯಾಗಿ ಸುತ್ತಿದ ಹತ್ತಿ ಬಟ್ಟೆ ಇರಲಿ. ಹಾಸಿಗೆಯ ಹಳದಿ ಸ್ಪಂಜು ಕೆಲವೇ ವರ್ಷದಲ್ಲಿ ಪುಡಿಪುಡಿಯಾಗಿ ಅಂಟತೊಡಗುತ್ತದೆ.

ಮುತ್ತು, ಹವಳ ಇಡಬಹುದೇ?

ಇಡಬಹುದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲದ ಆವಿ ತಾಗಿದರೆ ಹೊಳಪು ಹೋಗುತ್ತದೆ. ಹೊಸ ಮರ, ಹೊಸ ಪಾಲಿಶ್‌ನಿಂದ ಮೊದಲ ಕೆಲವು ತಿಂಗಳು ದೂರವಿರಲಿ. ಬೆಳ್ಳಿಯ ಖಾನೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದು, ಮುತ್ತಿನ ಪಕ್ಕದಲ್ಲಿ ಬೇಡ.

ಖಾನೆಯ ಮೂಲೆಯಲ್ಲಿ ಸಣ್ಣ ಹಿಟ್ಟು ಬೀಳುತ್ತಿದೆ.

ಹುಳ ಕೊರೆಯುತ್ತಿದೆ. ಒಡವೆ, ರಟ್ಟು ಎಲ್ಲ ತೆಗೆದು ಟ್ರೇಯನ್ನು ಬೀರುವಿನಿಂದ ಹೊರಗಿಡಿ, ಬೀರುವಿನ ಪಕ್ಕದ ಮರದ ಸಾಮಾನನ್ನೂ ನೋಡಿ. ಪಾಲಿಶ್ ಆದ ಮರಕ್ಕೆ ಮದ್ದು ಇಳಿಯುವುದಿಲ್ಲ, ಉಜ್ಜಿ ಮರ ಕಾಣುವ ಹಾಗೆ ಮಾಡಬೇಕು. ಅದಕ್ಕಿಂತ ಕತ್ತರಿಸುವ ಮೊದಲೇ ಪಟ್ಟಿಗಳಿಗೆ ಮದ್ದು ಮಾಡುವುದು ಜಾಣತನ. ಒಂದು ಲೀಟರ್ ಬಿಸಿ ನೀರಿಗೆ 24 ಗ್ರಾಂ ಬೋರಿಕ್ ಪುಡಿ, 36 ಗ್ರಾಂ ಬಿಳಿಗಾರ ಕರಗಿಸಿ ಎರಡು ಮೂರು ಸಲ ಬಳಿದು, ನೆರಳಲ್ಲಿ ಒಣಗಿಸಿ, ಮತ್ತೆ ತೂಕ ನಿಲ್ಲುವವರೆಗೆ ಕಾಯಿರಿ. ಬಿಳಿಗಾರ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕೈಗವಸು ಹಾಕಿ, ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ.

ಮೈಸೂರು ಇನ್‌ಲೇ ಕೆಲಸವನ್ನು ಅಂಚಿಗೆ ಮಾಡಬಹುದೇ?

ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತ ಕೂರಿಸಿರುವ ಕೆಲಸವನ್ನು ನೋಡಿ ಈ ಪ್ರಶ್ನೆ ಬರುತ್ತದೆ. ಈಗ ದಂತವಿಲ್ಲ. ಬೇರೆಬೇರೆ ಬಣ್ಣದ ಮರ ಮತ್ತು ಪ್ಲಾಸ್ಟಿಕ್ ಬಳಸುತ್ತಾರೆ. ಆನೆ, ಹೂಬಳ್ಳಿ ಕೂರಿಸಲು ವರ್ಷಗಳ ಕೈಪಳಗು ಬೇಕು. ಮನೆಯಲ್ಲಿ ನೇರ ಗೆರೆ ಮಾತ್ರ ಪ್ರಯತ್ನಿಸಿ: ಮುಂಪಟ್ಟಿಯಲ್ಲಿ 3 ಮಿಮೀ ಅಗಲ, 2 ಮಿಮೀ ಆಳದ ಕಾಲುವೆ ತೆಗೆದು, 2.5 ಮಿಮೀ ದಪ್ಪದ ಹಲಸಿನ ಪಟ್ಟಿ ಅಂಟಿಸಿ, ಮೇಲೆ ಉಳಿದ ಅರ್ಧ ಮಿಮೀಯನ್ನು ಒಣಗಿದ ಮೇಲೆ ಉಜ್ಜಿ ಸಮ ಮಾಡಿ. ಜೋಡಿಸುವ ಮೊದಲೇ ಆಗಬೇಕಾದ ಕೆಲಸ ಇದು. ಕಾಲುವೆಯ ಎರಡು ಅಂಚನ್ನು ಚೂಪಾದ ಚಾಕುವಿನಲ್ಲಿ ಗೀರಿಕೊಂಡು ನಂತರ ಉಳಿ ಹಿಡಿಯಿರಿ, ಇಲ್ಲದಿದ್ದರೆ ಎಳೆ ಕಿತ್ತುಬರುತ್ತದೆ.

ಟ್ರೇ ಮೇಜಿನ ಮೇಲೆ ಅಲುಗಾಡುತ್ತದೆ.

ದಪ್ಪ ಗಾಜಿನ ಮೇಲೆ 120ರ ಉಪ್ಪುಕಾಗದ ಅಂಟಿಸಿ, ತಳವನ್ನು ಅದರ ಮೇಲೆ ನಾಲ್ಕು ದಿಕ್ಕಿಗೂ ಎಳೆಯಿರಿ. ತಳದ ಪ್ಲೈವುಡ್ 4 ಮಿಮೀ ಮಾತ್ರ, ಒಂದು ಮಿಮೀಗಿಂತ ಹೆಚ್ಚು ಹೋಗುತ್ತಿದ್ದರೆ ನಿಲ್ಲಿಸಿ. ಆಗ ತಗ್ಗಿರುವ ಮೂಲೆಗೆ ತೆಳು ಬಟ್ಟೆಯ ಚೂರು ಅಂಟಿಸುವುದೇ ಸರಿ.